ಜಡ್ಡಿನ ಚೀಟಿ, ಗೇಟಿನ ಸಹಿ

ಚಿಕ್ಕಪಡಸಲಗಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ. ನಮ್ಮ ದೊಡ್ಡಪ್ಪ ಗಿರಣಿ ಕೆಲಸ ಬಿಟ್ಟು ಊರಿಗೆ ಮರಳಿದಾಗ ತಂದದ್ದು. ಕಾರ್ಮಿಕ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಬೆಂಗಳೂರು, ಮುಂಬೈಗಳ ಪತ್ರಾಗಾರಗಳಲ್ಲಿ ಕೂತು ಎರಡು ವರ್ಷ ಕಳೆದ ಮೇಲೆಯೇ ಈ ಟ್ರಂಕನ್ನು ತೆರೆದೆ. ಅದರಲ್ಲಿ ಎರಡು ಕಟ್ಟುಗಳಿದ್ದವು. ಎರಡನ್ನೂ ನೂಲಿನಿಂದ ಬಿಗಿಯಾಗಿ, ಬೇರೆ ಬೇರೆಯಾಗಿ ಕಟ್ಟಿಡಲಾಗಿತ್ತು.

ಮೊದಲ ಕಟ್ಟಿನಲ್ಲಿ ಇಎಸ್‌ಐ ದವಾಖಾನೆಯ ವೈದ್ಯರ ಚೀಟಿಗಳು. 1985ರ ಬೇಸಿಗೆಯ ಐದು ವಾರ ಈತ ಕಾಮಣಿಯಿಂದ ನರಳುತ್ತಿದ್ದು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂದು ಅವು ಹೇಳುತ್ತವೆ. ಎರಡನೆಯ ಕಟ್ಟಿನಲ್ಲಿ ಗಿರಣಿಯ ಲೇ-ಆಫ್ ಚೀಟಿ. ಅದೇ ಐದು ವಾರಗಳ ಪೈಕಿ 19 ದಿನ ಈತ ಗೇಟಿಗೆ ಬಂದು, ಕೆಲಸಕ್ಕೆ ಸಿದ್ಧನಿದ್ದೇನೆ ಎಂದು ಹಾಜರಿ ಹಾಕಿದ್ದಾನೆ ಎಂಬುದಕ್ಕೆ ಅದು ಸಾಕ್ಷಿ. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮೊದಲು ಬಂದದ್ದು ಸಂಶಯವೇ. ಹಾಸಿಗೆ ಹಿಡಿದ ಮನುಷ್ಯ ದಿನಾ ಗೇಟಿಗೆ ಹೋಗಿ ಸಹಿ ಮಾಡುವುದು ಹೇಗೆ? ಒಂದೋ ಜಡ್ಡು ಸುಳ್ಳು, ಇಲ್ಲವೇ ಸಹಿ ಸುಳ್ಳು.

ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮನನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ಎರಡೂ ಖರೇನ ಐತೆಪಾ ತಮ್ಮಾ. ಕಣ್ಣೆಲ್ಲಾ ಅರಿಷಿಣ ಆಗಿದ್ದೂ ಖರೆ, ಗೇಟಿಗೆ ಹೋಗಿದ್ದೂ ಖರೆ. ಹೋಗದಿದ್ರ ಹೊಟ್ಟಿಗೆ ಏನ್ ತಿನ್ನಬೇಕಿತ್ತು?"

ಈ ಲೇಖನ ಆ ಒಂದು ಮಾತಿನ ಬೆನ್ನು ಹತ್ತಿ ಬರೆದದ್ದು.

ಕೃಷ್ಣೆಯ ದಂಡೆಯ ನಮ್ಮ ಭಾಗದಿಂದ ಮಹಾರಾಷ್ಟ್ರದ ಗಿರಣಿಗಳಿಗೆ, ಮಗ್ಗಗಳಿಗೆ ಹೋಗುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಸೊಲ್ಲಾಪುರ, ಇಚಲಕರಂಜಿ, ಮುಂಬೈ ಎಂದು ಹೊರಟವರ ಮನೆಗಳು ಪ್ರತಿ ಓಣಿಯಲ್ಲೂ ಇವೆ. ನಮ್ಮ ದೊಡ್ಡಪ್ಪನೂ ಹಾಗೆ ಹೋಗಿ ಒಂದು ನೂಲಿನ ಗಿರಣಿ ಸೇರಿದವನು. 1982ರ ಜನವರಿ 18ರಂದು ಮುಂಬೈಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರ ಶುರುವಾಗಿ, ಮುಗಿಯದೆಯೇ ಮುಗಿದುಹೋಗಿತ್ತು. ಅದಾದ ಮೇಲೆ ಗಿರಣಿ ಕೆಲಸ ಎಂದರೆ ಇಂದು ಇದ್ದು ನಾಳೆ ಇಲ್ಲದ್ದು ಎಂಬ ಭಯ ಎಲ್ಲ ಕಡೆ ಹರಡಿತ್ತು. ಹೆದರಿದ ಕಾರ್ಮಿಕ ಯಾವ ಚೀಟಿಯನ್ನೂ ಬಿಸಾಡುವುದಿಲ್ಲ.

ದೊಡ್ಡಮ್ಮ ಹೇಳಿದ್ದನ್ನು ಕಾಗದಗಳ ಜೊತೆ ತಾಳೆ ಹಾಕಿದರೆ ನಡೆದದ್ದು ಇಷ್ಟು. ಜಡ್ಡಿನ ಮೊದಲ ಎರಡು ವಾರ ದೊಡ್ಡಪ್ಪ ಖೋಲಿಯಲ್ಲೇ ಮಲಗಿದ್ದ. ವೈದ್ಯರ ಚೀಟಿಯನ್ನು ವಿಮಾ ಕಚೇರಿಗೆ ಕೊಟ್ಟಾಗಿತ್ತು. ಆದರೆ ಕಂತಿನ ಲೆಕ್ಕ ತಾಳೆಯಾಗಿಲ್ಲವೆಂದು ರೊಕ್ಕ ಬರಲಿಲ್ಲ. ಮೂರನೆಯ ವಾರ ವಿದ್ಯುತ್ ಕೊರತೆಯಿಂದ ಗಿರಣಿ ಅವನ ಖಾತೆಯನ್ನು ನಿಲ್ಲಿಸಿ ಲೇ-ಆಫ್ ಘೋಷಿಸಿತು. ದಿನಾ ಗೇಟಿಗೆ ಬಂದು ಹಾಜರಿ ಹಾಕಿದವರಿಗೆ ಅರ್ಧ ಕೂಲಿ, ಬರದವರಿಗೆ ಇಲ್ಲ. ಜಡ್ಡಿನ ರೊಕ್ಕವೂ ಇಲ್ಲ, ಲೇ-ಆಫ್ ರೊಕ್ಕವೂ ಇಲ್ಲವೆಂದರೆ ಖೋಲಿ ಬಾಡಿಗೆ ಹೇಗೆ ಎಂದು, ಜೊತೆಗಿದ್ದ ಬನಹಟ್ಟಿಯ ಗೆಳೆಯನೊಬ್ಬನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ದೊಡ್ಡಪ್ಪ ಗೇಟಿಗೆ ಹೋದ. ಸಹಿ ಮಾಡಿದ. ಮರಳಿ ಬಂದು ಮಲಗಿದ. ಹೀಗೆ 19 ದಿನ.

ಕಡೆಗೆ ಎರಡು ಕಡೆಯಿಂದಲೂ ಉತ್ತರ ಬಂತು. ಗೇಟಿನಲ್ಲಿ ಹಾಜರಿದ್ದ ದಿನಗಳಿಗೆ ಕಾಯಿಲೆ ಭತ್ಯೆ ಕೊಡಲಾಗದು ಎಂದಿತು ವಿಮಾ ಕಚೇರಿ. ಜಡ್ಡಿನ ಪಟ್ಟಿಯಲ್ಲಿದ್ದ ದಿನಗಳಿಗೆ ಲೇ-ಆಫ್ ಪರಿಹಾರ ಕೊಡಲಾಗದು ಎಂದಿತು ಗಿರಣಿ. ದೊಡ್ಡಪ್ಪ ವಿಮಾ ನ್ಯಾಯಾಲಯಕ್ಕೆ ಅರ್ಜಿ ಹಾಕಿದ. ಅದು ನಡೆಯುತ್ತಿರುವಾಗಲೇ ಮತ್ತೊಂದು ಲೇ-ಆಫ್ ಬಂತು. 'ನಾನು ಆಗ ಕೆಲಸಕ್ಕೆ ಯೋಗ್ಯನಿರಲಿಲ್ಲ' ಎಂದು ನ್ಯಾಯಾಲಯದಲ್ಲಿ ವಾದಿಸುತ್ತಲೇ 'ನಾನು ಈಗ ಕೆಲಸಕ್ಕೆ ಸಿದ್ಧ' ಎಂದು ಗೇಟಿನಲ್ಲಿ ಸಹಿ ಹಾಕುತ್ತ ಹೋದ.

ಇದು ಒಬ್ಬ ಗುಮಾಸ್ತನ ಕೆಟ್ಟತನದಿಂದ ಆದದ್ದಲ್ಲ. ಎರಡು ಕಾಯ್ದೆಗಳನ್ನು ಬಿಡಿಸಿ ಓದಿದರೆ ತಿಳಿಯುತ್ತದೆ.

ಲೇ-ಆಫ್ ಪರಿಹಾರ 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿದ ಭಾಗ. ಆಗ ಬಟ್ಟೆ ಗಿರಣಿಗಳಲ್ಲಿ ಮಾಲು ಮಾರಾಟವಾಗದೆ ಬಿದ್ದು ಪಾಳಿಗಳು ನಿಲ್ಲುತ್ತಿದ್ದವು. ಕಲ್ಲಿದ್ದಲು, ವಿದ್ಯುತ್, ಕಚ್ಚಾಮಾಲಿನ ಕೊರತೆ, ಮಾಲು ಬಿದ್ದಿರುವುದು, ಯಂತ್ರ ಕೆಡುವುದು, ಇಂಥ ಕಾರಣಗಳಿಂದ ಕೆಲಸ ಕೊಡಲಾಗದಾಗ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಕೊಡಬೇಕು ಎಂದು 25-ಸಿ ಕಲಂ ಹೇಳಿತು. ಒಂದು ವರ್ಷದ ಸತತ ಸೇವೆ ಬೇಕು. ಬದಲಿ ಕೆಲಸಗಾರರಿಗೆ ಇಲ್ಲ. 25-ಇ ಕಲಮಿನಲ್ಲಿ ಇನ್ನೊಂದು ಷರತ್ತಿದೆ. ಕೆಲಸದ ವೇಳೆಯಲ್ಲಿ ದಿನಕ್ಕೆ ಒಮ್ಮೆಯಾದರೂ ಕಾರ್ಮಿಕ ಹಾಜರಾಗದಿದ್ದರೆ ಪರಿಹಾರವಿಲ್ಲ. ಭಾರತದ ಕಾರ್ಖಾನೆ ಕಾರ್ಮಿಕನಿಗೆ ಬಹುಕಾಲ ನಿರುದ್ಯೋಗ ಭತ್ಯೆಯ ಹತ್ತಿರಕ್ಕೆ ಬರುವಂಥದ್ದು ಇದ್ದದ್ದು ಇದೊಂದೇ. ಅದನ್ನು ಪಡೆಯಬೇಕಾದರೆ ಮುಖ ತೋರಿಸಬೇಕು.

ಕಾಯಿಲೆ ಭತ್ಯೆ 1948ರ ನೌಕರರ ರಾಜ್ಯ ವಿಮಾ ಕಾಯ್ದೆಯದು. ಅದರ 64ನೆಯ ಕಲಮಿನ ಪ್ರಕಾರ ಭತ್ಯೆ ಪಡೆಯುವವನು ಚಿಕಿತ್ಸೆಯಲ್ಲಿರಬೇಕು, ವೈದ್ಯರ ಮಾತು ಪಾಲಿಸಬೇಕು, ಗುಣವಾಗುವುದಕ್ಕೆ ಅಡ್ಡಿಯಾಗುವಂಥದ್ದನ್ನು ಮಾಡಬಾರದು. ಅಂದರೆ ಮನೆಯಲ್ಲಿರಬೇಕು. 63ನೆಯ ಕಲಂ ಕೆಲಸ ಮಾಡಿದ ದಿನ, ಕೂಲಿ ಸಹಿತ ರಜೆಯ ದಿನ ಮತ್ತು ಮುಷ್ಕರದ ದಿನಗಳಿಗೆ ಭತ್ಯೆ ಇಲ್ಲವೆನ್ನುತ್ತದೆ. ಲೇ-ಆಫ್ ಎಂಬ ಪದ ಅಲ್ಲಿಲ್ಲ. ಆದರೆ ಅದೇ ಕಾಯ್ದೆಯ ಆರಂಭದಲ್ಲಿ ಕೂಲಿ ಎಂದರೇನು ಎಂಬ ವ್ಯಾಖ್ಯೆಯಲ್ಲಿ ಲೇ-ಆಫ್ ಕಾಲದಲ್ಲಿ ಕೊಡುವ ಹಣವೂ ಸೇರಿದೆ. ದೊಡ್ಡಪ್ಪನ ಅರ್ಜಿ ನಿಂತದ್ದು ಈ ಎರಡರ ನಡುವಿನ ಬಿರುಕಿನಲ್ಲಿ. ಗೇಟಿನಲ್ಲಿ ಸಹಿ ಮಾಡುವುದು ಕೆಲಸವಲ್ಲ, ಕೈಗೆ ಬಾರದ ಹಣ ಕೂಲಿಯಲ್ಲ ಎಂದು ಯೂನಿಯನ್ನಿನ ವಕೀಲರು ಬರೆದಿದ್ದಾರೆ. ಕಾರ್ಬನ್ ಪ್ರತಿ ಮಾಸಿದ್ದರೂ ಆ ಎರಡು ಸಾಲು ಓದಲು ಬರುತ್ತವೆ.

ಜಡ್ಡು ಮತ್ತು ನಿರುದ್ಯೋಗ ಒಂದೇ ಮನೆಯ ಬಾಗಿಲನ್ನು ಒಟ್ಟಿಗೆ ತಟ್ಟುತ್ತವೆ ಎಂಬುದು ಕಾಯ್ದೆ ಮಾಡುವವರಿಗೆ ತಿಳಿಯದ ಸಂಗತಿಯಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿ ಕಾಯಿಲೆ ವಿಮೆ ತಂದ. ಬ್ರಿಟನ್ 1911ರ ರಾಷ್ಟ್ರೀಯ ವಿಮಾ ಕಾಯ್ದೆಯಲ್ಲಿ ಎರಡನ್ನೂ ಒಂದೇ ಕಾಯ್ದೆಯ ಎರಡು ಭಾಗಗಳಾಗಿ ಇಟ್ಟಿತು: ಮೊದಲ ಭಾಗ ಆರೋಗ್ಯ, ಎರಡನೆಯದು ನಿರುದ್ಯೋಗ. ಒಂದಕ್ಕೆ 'ಆಗುವುದಿಲ್ಲ' ಎನ್ನಬೇಕು, ಇನ್ನೊಂದಕ್ಕೆ 'ಆಗುತ್ತದೆ' ಎನ್ನಬೇಕು. ಅಲ್ಲಿ ಇಂದಿಗೂ ಈ ತೊಡಕು ತೀರಿಲ್ಲ. 2008ರಲ್ಲಿ ಬಂದ ಹೊಸ ಕಾಯಿಲೆ ಭತ್ಯೆ ನಿರಾಕರಣೆಯಾದವರು ಮೇಲ್ಮನವಿ ಹಾಕುವ ಹೊತ್ತಿಗೆ ಹೊಟ್ಟೆಪಾಡಿಗಾಗಿ ನಿರುದ್ಯೋಗ ಭತ್ಯೆ ಕೇಳಿ, ಕೆಲಸ ಹುಡುಕುತ್ತಿದ್ದೇನೆ ಎಂದು ಬರೆದುಕೊಡಬೇಕಾಗಿ ಬಂದದ್ದುಂಟು. ಅವರ ಅನುಭವಗಳನ್ನು ಓದುವಾಗ ನನ್ನ ಕಣ್ಣ ಮುಂದೆ ಆ ಸೈಕಲ್ಲಿನ ಕ್ಯಾರಿಯರ್ ಬರುತ್ತಿತ್ತು.

ಭಾರತದಲ್ಲಿ ಈ ಕಥೆ 1943ರ ಮಾರ್ಚಿನಲ್ಲಿ ಆರಂಭವಾಯಿತು ಎನ್ನಬಹುದು. ಡಾ. ಅಂಬೇಡ್ಕರ್ ಅವರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲ. ಕಾರ್ಖಾನೆ ಕಾರ್ಮಿಕರ ಕಾಯಿಲೆ ವಿಮೆಗೆ ಯೋಜನೆ ರೂಪಿಸಲು ಪ್ರೊ. ಬಿ.ಪಿ. ಅಡಾರ್ಕರ್ ಅವರನ್ನು ನೇಮಿಸಲಾಯಿತು. 1944ರ ಆಗಸ್ಟಿನಲ್ಲಿ ಅವರು ವರದಿ ಕೊಟ್ಟರು. ಅವರ ಯೋಜನೆ ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಿಗೆ ಸೀಮಿತವಾಗಿತ್ತು. 1948ರ ಏಪ್ರಿಲ್ 19ರಂದು ಕಾಯ್ದೆ ಬಂತು; 1952ರ ಫೆಬ್ರವರಿ 24ರಂದು ನೆಹರೂ ಕಾನ್ಪುರದಲ್ಲಿ ಯೋಜನೆಯನ್ನು ಉದ್ಘಾಟಿಸಿದರು. ಬೆಂಗಳೂರಿಗೆ ಅದು ಬಂದದ್ದು 1958ರಲ್ಲಿ.

ಆ ನಡುವೆ ಸಂವಿಧಾನ ಬಂತು. ಅದರ 41ನೆಯ ವಿಧಿ ನಿರುದ್ಯೋಗ, ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯಗಳನ್ನು ಒಂದೇ ವಾಕ್ಯದಲ್ಲಿ ಹೆಸರಿಸಿ, ಇವುಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿಗೆ ರಾಜ್ಯ ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಏರ್ಪಾಡು ಮಾಡಬೇಕು ಎನ್ನುತ್ತದೆ. ಸಂವಿಧಾನದಲ್ಲಿ ಅಕ್ಕಪಕ್ಕ ಕೂತ ನಿರುದ್ಯೋಗ ಮತ್ತು ಕಾಯಿಲೆಗಳು ಕಾಯ್ದೆಗಳಲ್ಲಿ ಬೇರೆ ಬೇರೆ ಕಚೇರಿಗಳಿಗೆ ಹೋದವು. ಒಂದು ಕಚೇರಿ ಒಪ್ಪಿದ್ದನ್ನು ಇನ್ನೊಂದು ಒಪ್ಪಬೇಕೆಂದಿಲ್ಲ.

ಇದು ಬರೀ ನಮ್ಮ ಮನೆಯ ಕಥೆಯಲ್ಲ ಎನ್ನುವುದಕ್ಕೆ ಒಂದು ಪ್ರಸಿದ್ಧ ಮೊಕದ್ದಮೆ ಇದೆ. ಮದ್ರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಗಿರಣಿಯ ವೆಂಕಟಯ್ಯ ಎಂಬ ಕಾರ್ಮಿಕ ರಜೆಯ ಮೇಲೆ ಹೋದವರು ಜಡ್ಡಾಗಿ ಹೊತ್ತಿಗೆ ಸರಿಯಾಗಿ ಮರಳಲಿಲ್ಲ. ವಿಮಾ ನಿಗಮ ಅವರ ಕಾಯಿಲೆಯನ್ನು ಒಪ್ಪಿತು. ಆದರೆ ಅನುಮತಿ ಇಲ್ಲದೆ ಇಂತಿಷ್ಟು ದಿನ ಗೈರಾದರೆ ನೌಕರಿ ಬಿಟ್ಟಂತೆ ಎಂಬುದು ಗಿರಣಿಯ ಸ್ಥಾಯೀ ಆದೇಶ. ಕಾಯಿಲೆಯ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು ಎಂದು ವಿಮಾ ಕಾಯ್ದೆಯ 73ನೆಯ ಕಲಂ ಹೇಳುತ್ತದಲ್ಲ ಎಂಬುದು ಕಾರ್ಮಿಕರ ವಾದವಾಗಿತ್ತು. 1963ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಬರೆದ ತೀರ್ಪು ಗಿರಣಿಯ ಪರವಾಯಿತು. ಇಲ್ಲಿ ಮಾಲೀಕ ಯಾರನ್ನೂ ತೆಗೆದಿಲ್ಲ, ಸ್ಥಾಯೀ ಆದೇಶದಂತೆ ನೌಕರಿ ತಾನಾಗಿಯೇ ಕೊನೆಗೊಂಡಿದೆ ಎಂಬುದು ಅದರ ತರ್ಕ. ಒಬ್ಬನೇ ಮನುಷ್ಯ ಒಂದು ಕಚೇರಿಯ ಕಾಗದದಲ್ಲಿ ರೋಗಿ, ಇನ್ನೊಂದರಲ್ಲಿ ನೌಕರಿ ಬಿಟ್ಟು ಹೋದವನು.

ಇದನ್ನೆಲ್ಲ ದೊಡ್ಡಪ್ಪ ಓದಿರಲಿಲ್ಲ. ಆದರೆ ಗೈರಾದರೆ ಏನಾಗುತ್ತದೆ ಎಂಬುದು ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಸಹಿಯ ಹಿಂದೆ ಅರ್ಧ ಕೂಲಿಯ ಆಸೆಯಷ್ಟೇ ಅಲ್ಲ, ನೌಕರಿ ಹೋದೀತೆಂಬ ಅಂಜಿಕೆಯೂ ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಕಟ್ಟಿನ ಕೊನೆಯ ಕಾಗದ ನ್ಯಾಯಾಲಯದ ಆದೇಶ. ಅರ್ಜಿದಾರ ಗೈರುಹಾಜರಾದ ಕಾರಣ ವಜಾ. ಅಷ್ಟರೊಳಗೆ ಗಿರಣಿ ಪೂರ್ತಿ ನಿಂತು ದೊಡ್ಡಪ್ಪ ಊರಿಗೆ ಬಂದಿದ್ದ. ಮೂರು ಬಾರಿ ಬಸ್ಸು ಹಿಡಿದು ವಿಚಾರಣೆಗೆ ಹೋಗಿ ಬಂದ. ಮೂರೂ ಸಲ ಮುಂದಿನ ತಾರೀಖು ಕೊಟ್ಟರು. ನಾಲ್ಕನೆಯ ಸಲ ಜೋಳದ ರಾಶಿ ಕಣದಲ್ಲಿತ್ತು; ಹೋಗಲಿಲ್ಲ.

ಅವನು ಮರಳಿದ ಊರು ಆಗ ಬೇರೊಂದು ಕೆಲಸಕ್ಕೆ ಸಜ್ಜಾಗುತ್ತಿತ್ತು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರಕಾರದ ದಾರಿ ಕಾಯದೆ ತಾವೇ ಹಣ ಹಾಕಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದ್ದು ನಾಡಿಗೆಲ್ಲ ಗೊತ್ತಿರುವ ಚರಿತ್ರೆ. 'ಶ್ರಮಬಿಂದು ಸಾಗರ' ಎಂದು ಅದಕ್ಕೆ ಹೆಸರಾಯಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತ ನ್ಯಾಮಗೌಡರು ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದ್ದೂ ಆ ಬ್ಯಾರೇಜಿನ ಬಲದಿಂದಲೇ. ದೊಡ್ಡಪ್ಪ ಅಲ್ಲಿ ಕಲ್ಲು ಹೊತ್ತಿದ್ದ. ಅದನ್ನು ಕೊನೆಯವರೆಗೂ ಹೆಮ್ಮೆಯಿಂದ ಹೇಳುತ್ತಿದ್ದ.

ಸಂಶೋಧಕನಾಗಿ ನನಗೆ ಇಲ್ಲಿ ಒಂದು ಸುಲಭದ ತೀರ್ಮಾನ ಕಾದಿತ್ತು. ಅಲ್ಲಿ ಕಾಯ್ದೆ ಕೈಬಿಟ್ಟಿತು, ಇಲ್ಲಿ ಊರು ಕೈಹಿಡಿಯಿತು ಎಂದು ಬರೆದು ಅಧ್ಯಾಯ ಮುಗಿಸಬಹುದಿತ್ತು. ದೊಡ್ಡಮ್ಮನ ಮುಂದೆ ಹಾಗೆ ಹೇಳಿಯೂ ನೋಡಿದೆ. "ಬ್ಯಾರೇಜದಾಗ ಸಹಿ ಕೇಳಲಿಲ್ಲ, ಅದೂ ಖರೆ," ಅಂದಳು. "ಆದ್ರ ಅಲ್ಲಿ ಬೆನ್ನು ಹಿಡದು ಎಂಟು ದಿವಸ ಮಲಗಿದ್ರಲ್ಲ, ಆಗ ಅರ್ಧ ಕೂಲಿನೂ ಬರಲಿಲ್ಲ ಬಿಡು." ಊರಿನ ಒಗ್ಗಟ್ಟು ನದಿಗೆ ಗೋಡೆ ಕಟ್ಟಬಲ್ಲದು. ಮಲಗಿದವನ ಮನೆಗೆ ವಾರವಾರ ರೊಕ್ಕ ತಲುಪಿಸುವುದು ಬೇರೆ ಬಗೆಯ ಕೆಲಸ. ಅದಕ್ಕೆ ಲೆಕ್ಕ ಬೇಕು, ಕಂತು ಬೇಕು, ಕಾಯ್ದೆಯೇ ಬೇಕು.

ಆ ಕಾಯ್ದೆ ನಮ್ಮ ಸೀಮೆಗೆ ಎಷ್ಟು ತಲುಪಿತು? ಜಮಖಂಡಿ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾದದ್ದು 1948ರ ಮಾರ್ಚ್ 8ರಂದು. ವಿಮಾ ಕಾಯ್ದೆ ಬಂದದ್ದು ಸರಿಯಾಗಿ ಆರು ವಾರಕ್ಕೆ. ಸಂಸ್ಥಾನದ ಪ್ರಜೆಗಳು ಭಾರತದ ಕಾಯ್ದೆಗಳ ನೆರಳಿಗೆ ಬಂದ ಕೂಡಲೇ ಬಂದ ಕಾಯ್ದೆ ಇದು. ಆದರೆ ಅದರ ಮೊದಲ ಕಲಮಿನಲ್ಲೇ ಹಂಗಾಮಿನ ಕಾರ್ಖಾನೆಗಳನ್ನು ಹೊರಗಿಡಲಾಗಿದೆ. ಹಂಗಾಮಿನ ಕಾರ್ಖಾನೆ ಎಂದರೆ ಯಾವುದು ಎಂಬುದಕ್ಕೆ ಪಟ್ಟಿಯೂ ಇದೆ: ಹತ್ತಿ ಜಿನ್ನಿಂಗ್, ಹತ್ತಿ ಮತ್ತು ಸೆಣಬಿನ ಪ್ರೆಸ್ಸಿಂಗ್, ಶೇಂಗಾ ಒಡೆಯುವುದು, ಕಾಫಿ, ನೀಲಿ, ಅರಗು, ರಬ್ಬರ್, ಸಕ್ಕರೆ, ಬೆಲ್ಲ, ಚಹಾ. ಕಾಫಿ, ಚಹಾ, ರಬ್ಬರು, ನೀಲಿ, ಅರಗು, ಸೆಣಬುಗಳನ್ನು ಬಿಟ್ಟು ಆ ಪಟ್ಟಿ ಓದಿದರೆ ನಮ್ಮ ನಾಲ್ಕು ತಾಲ್ಲೂಕುಗಳ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬಂದಂತೆ. ಮಹಾಲಿಂಗಪುರದ ಬೆಲ್ಲ, ಹಳೆಯ ಹತ್ತಿ ಜಿನ್ನುಗಳು, ಶೇಂಗಾ ಮಿಲ್ಲುಗಳು, ಸಮೀರವಾಡಿ, ಮುಧೋಳ, ಹಿರೇಪಡಸಲಗಿಗಳ ಸಕ್ಕರೆ ಕಾರ್ಖಾನೆಗಳು. ಲೇ-ಆಫ್ ಪರಿಹಾರದ ಕಲಮುಗಳೂ ಹಂಗಾಮಿನ ಸ್ವರೂಪದ ಉದ್ಯಮಗಳಿಗೆ ಮತ್ತು 50ಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ಅನ್ವಯಿಸುತ್ತಿರಲಿಲ್ಲ.

ಬ್ಯಾರೇಜು ನೀರು ತಂದಿತು, ನೀರು ಕಬ್ಬು ತಂದಿತು, ಕಬ್ಬಿನ ಬೆನ್ನಿಗೆ ಸಕ್ಕರೆ ಕಾರ್ಖಾನೆಯ ನೌಕರಿ ಬಂತು. ದೊಡ್ಡಪ್ಪನಂತೆ ಕೃಷ್ಣೆ ದಾಟಿ ಗಿರಣಿಗೆ ಹೋಗುವುದು ತಪ್ಪಿತು. ಜೊತೆಗೆ ದೊಡ್ಡಪ್ಪನಿಗಿದ್ದ ಜಡ್ಡಿನ ಚೀಟಿಯೂ ತಪ್ಪಿತು. ಸಕ್ಕರೆ ಉದ್ಯಮದಲ್ಲಿ ಹಂಗಾಮಿನ ಕಾಯಂ ನೌಕರರಿಗೆ ಕಾರ್ಖಾನೆ ನಿಂತ ತಿಂಗಳುಗಳಲ್ಲಿ ಸ್ವಲ್ಪ ಭತ್ಯೆ ಕೊಡುವ ಪದ್ಧತಿ ಇದೆ. ಗುತ್ತಿಗೆಯವರಿಗೆ, ಕಬ್ಬು ಕಡಿಯುವ ಗ್ಯಾಂಗಿನವರಿಗೆ ಅದೂ ಇಲ್ಲ.

ರಬಕವಿ-ಬನಹಟ್ಟಿಯ ಮಗ್ಗಗಳದು ಇನ್ನೊಂದು ಬಗೆ. ನೇಕಾರಿಕೆ ಹಂಗಾಮಿನದಲ್ಲ, ವರ್ಷವಿಡೀ ನಡೆಯುವಂಥದ್ದು. ಆದರೆ ಮನೆಯಲ್ಲೇ ನಾಲ್ಕು ಮಗ್ಗ, ಹಾಸು-ಹೊಕ್ಕಿನ ನೂಲು ಸಾವಕಾರನದು, ಸೀರೆಗಿಷ್ಟು ಎಂದು ಮಜೂರಿ, ಕಂಡಿಕೆ ಸುತ್ತುವ ಹೆಣ್ಣುಮಕ್ಕಳಿಗೆ ಲೆಕ್ಕವೇ ಇಲ್ಲ. ವಿಮಾ ಕಾಯ್ದೆ ಮೊದಲು 20 ಜನರಿದ್ದ ಕಾರ್ಖಾನೆಗೆ ಅನ್ವಯಿಸುತ್ತಿತ್ತು. 1989ರ ತಿದ್ದುಪಡಿ ವಿದ್ಯುತ್ ಬಳಸುವ ಕಡೆ ಅದನ್ನು 10ಕ್ಕೆ ಇಳಿಸಿತು. ಒಂದು ಸೂರಿನ ಕೆಳಗೆ ಹತ್ತು ಜನ ಸೇರದ ಊರಿನಲ್ಲಿ ಹತ್ತು ಸಾವಿರ ಮಗ್ಗಗಳಿದ್ದರೂ ಕಾಯ್ದೆಯ ಕಣ್ಣಿಗೆ ಅಲ್ಲಿ ಕಾರ್ಖಾನೆ ಇಲ್ಲ.

ದೊಡ್ಡಪ್ಪನ ಮಗ, ನಮ್ಮಣ್ಣ, ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುವವರ ಹತ್ತಿರ ಕೆಲಸಕ್ಕಿದ್ದಾನೆ. ಅಲ್ಲಿ ಆರು ಜನ. ಹೋದ ವರ್ಷ ಅವನಿಗೆ ನಡು ಹಿಡಿದು ಎರಡು ತಿಂಗಳು ಏಳಲಾಗಲಿಲ್ಲ. ಅವನ ಮಗ್ಗಕ್ಕೆ ಬೇರೆಯವರು ಬಂದರು. ನನ್ನ ಓದು ಎಂದಾದರೂ ಉಪಯೋಗಕ್ಕೆ ಬರುವುದಿದ್ದರೆ ಈಗ ಬರಲಿ ಎಂದು ಕೂತು ನೋಡಿದೆ. ಇಎಸ್‌ಐ ಕಾಯಿಲೆ ಭತ್ಯೆ ಈಗ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನ. ಆರು ತಿಂಗಳ ಅವಧಿಯಲ್ಲಿ 78 ದಿನದ ಕಂತು ತುಂಬಿರಬೇಕು. 2005ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ, 2018ರಿಂದ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ ಎಂದು ವಿಮಾದಾರರಿಗೆ ನಿರುದ್ಯೋಗ ಭತ್ಯೆಯೂ ಬಂದಿದೆ. ಎರಡನೆಯದರಲ್ಲಿ ಜೀವಮಾನದಲ್ಲಿ ಒಮ್ಮೆ 90 ದಿನ, ಕೂಲಿಯ ಶೇ. 25; ಕೊರೋನಾ ಕಾಲದಲ್ಲಿ ಅದನ್ನು ಶೇ. 50ಕ್ಕೆ ಏರಿಸಿದರು. ಅದೇ ಅವಧಿಗೆ ಬೇರೆ ನಗದು ಭತ್ಯೆ ಪಡೆಯುವಂತಿಲ್ಲ ಎಂಬ ಷರತ್ತೂ ಇದೆ. ಈಗ ಎರಡೂ ಬಾಗಿಲು ಒಂದೇ ಕಟ್ಟಡದಲ್ಲಿವೆ, ಒಂದನ್ನು ಮಾತ್ರ ತೆರೆಯಬಹುದು. ಆದರೆ ನಮ್ಮಣ್ಣ ಆ ಕಟ್ಟಡದ ಕಂಪೌಂಡಿನೊಳಗೇ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಹತ್ತು ಜನರ ಗೆರೆಯನ್ನೇ ಇಟ್ಟುಕೊಂಡಿದೆ, ಅದಕ್ಕೂ ಕಡಿಮೆ ಇದ್ದರೆ ಇಷ್ಟವಿದ್ದವರು ಸೇರಬಹುದು ಎನ್ನುತ್ತದೆ. ಹಂಗಾಮಿನ ಕಾರ್ಖಾನೆಗಳನ್ನು ಮತ್ತೆ ಹೊರಗೇ ಬಿಟ್ಟಿದೆ. ಊರಿಗೆ ಬಂದು ಉದ್ಯೋಗ ಖಾತ್ರಿಯಲ್ಲಿ ಹೆಸರು ಬರೆಸೋಣವೆಂದರೆ, 2005ರ ಆ ಕಾಯ್ದೆ ಕೆಲಸ ಕೇಳಿ 15 ದಿನದಲ್ಲಿ ಸಿಗದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗ ನಿರುದ್ಯೋಗ ಭತ್ಯೆ ಎಂದಿತು. ಕೇಳಬೇಕಾದದ್ದು ಮಣ್ಣು ಹೊರುವ ಕೆಲಸ, ಕೇಳುವವನು ನಡು ಹಿಡಿದವನು.

"ನಿನ್ನ ಪುಸ್ತಕದಾಗ ನಾ ಎಲ್ಲಿ ಬರ್ತೀನೋ?" ಎಂದು ಅಣ್ಣ ನಗುತ್ತ ಕೇಳಿದ. ಎಲ್ಲೂ ಬರುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವನಪ್ಪನಿಗೆ ನಿರಾಕರಿಸಲು ಒಂದು ಹಕ್ಕಾದರೂ ಇತ್ತು, ಅರ್ಜಿ ಹಾಕಲು ಒಂದು ನ್ಯಾಯಾಲಯವಿತ್ತು. ಇವನಿಗೆ ಇಲ್ಲವೆನ್ನುವವರೂ ಇಲ್ಲ.

ಟ್ರಂಕನ್ನು ಮತ್ತೆ ಅಟ್ಟಕ್ಕೇರಿಸುವ ಮುಂಚೆ ದೊಡ್ಡಮ್ಮ ಕೇಳಿದಳು, ಅಷ್ಟೂ ದಿನದ್ದು ಒಟ್ಟು ಎಷ್ಟು ರೊಕ್ಕ ಆಗುತ್ತಿತ್ತು ಎಂದು. ಕಾಗದದಲ್ಲಿದ್ದ ದರದಂತೆ ದಿನಕ್ಕೆ 12 ರೂಪಾಯಿ, 19 ದಿನಕ್ಕೆ 228 ರೂಪಾಯಿ ಎಂದೆ. ಮೂರು ಸಲದ ಬಸ್ಸಿನ ಖರ್ಚು, ಹೋದ ಕೂಲಿ, ವಕೀಲರ ಟೈಪಿಂಗ್ ಚಾರ್ಜು ಸೇರಿಸಿದರೆ ಅದಕ್ಕಿಂತ ಹೆಚ್ಚೇ ಆಗಿರಬೇಕು, ದೊಡ್ಡಪ್ಪ ಯಾಕೆ ಅಷ್ಟು ಸಲ ಹೋದ ಎಂದು ಕೇಳಿದೆ.

"ರೊಕ್ಕಕ್ಕಲ್ಲ ತಮ್ಮಾ," ಅಂದಳು. "ಆ ಆಫೀಸಿನಾಗ ಸುಳ್ಳ ಜಡ್ಡು ಅಂದಿದ್ರು. ಅದಕ್ಕ ಹೋಗಿದ್ರು."

ನಾನು ಎರಡು ಕಟ್ಟುಗಳನ್ನೂ ಸೇರಿಸಿ ಒಂದೇ ನೂಲಿನಲ್ಲಿ ಕಟ್ಟಿ ಒಳಗಿಟ್ಟೆ.